ಸಣ್ಣತ್ತೆ ಮತ್ತು ಸಿಮೆಂಟಿನ ಬಚ್ಚಲು

ನಿನ್ನೆ ಬೆಳಿಗ್ಗೆ ಬಿಂಬುಳಿ ಜಜ್ಜುತ್ತಿದ್ದಾಗ ಒಂದು ಕಾಯಿಯ ರಸ ನೇರ ಮೂಗಿಗೆ ಹಾರಿತು. ಹಸಿ ಹುಳಿಯ ಆ ವಾಸನೆ ತಲೆಗೇರಿ ಕಣ್ಣಲ್ಲಿ ನೀರು ಬಂತು. ಮೊಮ್ಮಗಳು ಕೋಣೆಯಿಂದಲೇ, "ಅಜ್ಜಿ, ಎಂತ ಆಯ್ತು?" ಎಂದು ಕೇಳಿದಳು. ಸಂತೋಷ ಆಯ್ತು ಮಾರಾಯ್ತಿ ಎಂದೆ. ಸುಳ್ಳೇನೂ ಅಲ್ಲ. ಅವಳ ಮಗ್ಗುಲಲ್ಲಿ ನನ್ನ ಮರಿಮಗಳು ಮಲಗಿದ್ದಳು. ಆಸ್ಪತ್ರೆಯಿಂದ ಆಗಷ್ಟೇ ಮನೆಗೆ ಬಂದ ಕೂಸು. ಮುಷ್ಟಿ ಬಿಗಿಹಿಡಿದುಕೊಂಡೇ ನಿದ್ದೆ ಮಾಡುತ್ತದೆ, ಯಾರಿಗೋ ಒಂದು ಕೊಡಲಿಕ್ಕೆ ಬಾಕಿ ಉಂಟು ಎನ್ನುವ ಹಾಗೆ. ಈ ವಯಸ್ಸಿಗೆ ನನಗೆ ಕುಣಿಯಲು ಆಗುವುದಿಲ್ಲ, ಇಲ್ಲದಿದ್ದರೆ ಕುಣಿಯುತ್ತಿದ್ದೆ.

ಕೂಸನ್ನು ಈ ಮನೆಯಲ್ಲಿ ಮೊದಲ ಸಲ ಮೀಯಿಸುವವಳು ನಾನೇ ಎಂದು ಎಲ್ಲರಿಗೂ ಹೇಳಿ ಇಟ್ಟಿದ್ದೆ. ಆದರೆ ಬಚ್ಚಲಿನ ನೆಲ ನೋಡಿದರೆ ಕಾಲಿಡಲು ಹೆದರಿಕೆ. ನಮ್ಮ ಉಪ್ಪಳದ ಈ ಜಾಗದಲ್ಲಿ ಬೋರಿನ ನೀರು ಉಪ್ಪು. ಅದರಲ್ಲಿ ಸಾಬೂನು ನೊರೆ ಬರುವ ಬದಲು ಹಾಲೊಡೆದ ಹಾಗೆ ಒಡೆದು, ಟೈಲ್ಸ್ ಮೇಲೆ ಬೂದು ಬಣ್ಣದ ಜಿಡ್ಡಾಗಿ ಕೂರುತ್ತದೆ. ಮಗ ಅಂಗಡಿಯಿಂದ ನೆಲ ತೊಳೆಯುವ ಆಸಿಡಿನ ಒಂದು ಬಾಟಲಿ ತಂದಿದ್ದ. ಮುಚ್ಚಳ ತೆಗೆದರೆ ಗಂಟಲು ಕಟ್ಟುತ್ತದೆ. ಕೂಸು ಮೀಯುವ ಜಾಗಕ್ಕೆ ಅದನ್ನು ಹೊಯ್ಯಲು ನಾನು ಬಿಡಲಿಲ್ಲ. ಹಿತ್ತಲಿನಿಂದ ಬಿಂಬುಳಿ ಕೊಯ್ದು ತಂದೆ. ಬಿಂಬುಳಿಯಿಂದ ಬಚ್ಚಲು ತೊಳೆಯುವುದನ್ನು ನನಗೆ ಕಲಿಸಿದವರು ನನ್ನ ಸಣ್ಣತ್ತೆ, ಅಂದರೆ ನನ್ನ ಮಾವನ ತಂಗಿ.

ಅವರ ಬಗ್ಗೆ ಬರೆಯುತ್ತೇನೆ ಎಂದಾಗ ಮಗ, "ಬಚ್ಚಲು ತೊಳೆದದ್ದನ್ನೆಲ್ಲ ಬರೀತಾರಾ ಅಮ್ಮ?" ಎಂದು ಕೇಳಿದ. ತೊಳೆದವರ ಬಗ್ಗೆ ಬರೆಯದೆ ಮತ್ತೆ ಮಿಂದವರ ಬಗ್ಗೆ ಬರೆಯುವುದಾ? ನಾನು ಮೂರನೇ ಕ್ಲಾಸಿನವರೆಗೆ ಕಲಿತವಳು. ನನಗೆ ಗೊತ್ತಿರುವ ಅಕ್ಷರಗಳಲ್ಲಿ ಇದನ್ನು ಬರೆಯಬಹುದು, ಬರೆಯುತ್ತೇನೆ. ಸಣ್ಣತ್ತೆಯ ಹೆಸರನ್ನು ಮಾತ್ರ ಬರೆಯುವುದಿಲ್ಲ. ಆ ಮನೆಯಲ್ಲಿ ಅವರನ್ನು ಹೆಸರು ಹಿಡಿದು ಕರೆದದ್ದೆಲ್ಲ ಕೆಲಸ ಹೇಳಲಿಕ್ಕೆ. ಇನ್ನು ಯಾರೂ ಹಾಗೆ ಕರೆಯುವುದು ಬೇಡ.

ನಾನು ಮುಳ್ಳೇರಿಯದ ಕಡೆಯಿಂದ ಮದುವೆಯಾಗಿ ಉಪ್ಪಳಕ್ಕೆ ಬಂದಾಗ ಕಾಸರಗೋಡು ಇನ್ನೂ ಕೇರಳಕ್ಕೆ ಸೇರಿರಲಿಲ್ಲ. ನಮ್ಮ ಮನೆಯವರು ಬೊಂಬಾಯಿಯ ಒಂದು ಹೋಟೆಲಿನಲ್ಲಿದ್ದರು. ಮದುವೆಗೆಂದು ಬಂದವರು ಸ್ವಲ್ಪ ದಿನ ನಿಂತು ಗಾಡಿ ಹತ್ತಿ ಹೋದರು. ಮನೆಯಲ್ಲಿ ಉಳಿದವರು ಮಾವ, ಅತ್ತೆ, ಸಣ್ಣತ್ತೆ ಮತ್ತು ನಾನು. ಮಾವನಿಗೆ ಪೇಟೆಯಲ್ಲಿ ಕೊಬ್ಬರಿ ವ್ಯಾಪಾರ. ಸಣ್ಣತ್ತೆಯನ್ನು ನೀಲೇಶ್ವರದ ಕಡೆಗೆ ಕೊಟ್ಟಿದ್ದರು. ಗಂಡ ಕೈ ಮಾಡುತ್ತಿದ್ದ ಎಂದು ಒಂದು ದಿನ ಹೊರಟು ಬಂದುಬಿಟ್ಟಿದ್ದರು. ಕಳಿಸಿದ್ದಾ, ಬಂದದ್ದಾ ಎಂದು ಯಾರಾದರೂ ಕೇಳಿದರೆ, "ಬಂದದ್ದು. ನನಗೆ ಕಾಲು ಉಂಟು" ಎನ್ನುತ್ತಿದ್ದರು.

ಆ ಮನೆಯಲ್ಲಿ ಒಂದು ಸಿಮೆಂಟಿನ ಬಚ್ಚಲಿತ್ತು. ಅದು ಮಾವನ ಹೆಮ್ಮೆ. ಮಂಗಳೂರಿನಲ್ಲಿ ಯಾವುದೋ ದೊಡ್ಡ ಮನೆಯಲ್ಲಿ ನೋಡಿ ಬಂದು ಹಾಗೆಯೇ ಕಟ್ಟಿಸಿದ್ದರು. ಕನ್ನಡಿಯ ಹಾಗೆ ನಯ ಮಾಡಿದ ನೆಲ, ಗೋಡೆಗೆ ಸೊಂಟದ ಎತ್ತರದವರೆಗೆ ಸಿಮೆಂಟು, ಮೂಲೆಯಲ್ಲಿ ಹಂಡೆ. ಪೇಟೆಯವರು ನೋಡಲಿಕ್ಕೆ ಬರುತ್ತಿದ್ದರಂತೆ. ನಮ್ಮ ಮನೆಯವರು ಊರಿಗೆ ಬರುವವರ ಕೈಯಲ್ಲಿ ಬೊಂಬಾಯಿಯಿಂದ ಸಾಬೂನು ಕಳಿಸುತ್ತಿದ್ದರು. ಮಾವ ಆ ಸಾಬೂನು ಉಜ್ಜಿ ಉಜ್ಜಿ ಮೀಯುತ್ತಿದ್ದರು. ಹೊರಗೆ ಬಂದರೆ ಮನೆಯಿಡೀ ಹೂವಿನ ವಾಸನೆ.

ಆದರೆ ಆ ಬಚ್ಚಲು ಗಂಡಸರಿಗೆ ಮತ್ತು ನೆಂಟರಿಗೆ. ಹೆಂಗಸರು ಎಣ್ಣೆ ಹಚ್ಚಿಕೊಂಡು ಬಂದರೆ ಸಿಮೆಂಟು ಹಾಳಾಗುತ್ತದೆ, ಮುಟ್ಟು ಮೈಲಿಗೆ ಬೇರೆ ಉಂಟು ಎಂದು ಮಾವ ಕಟ್ಟು ಮಾಡಿದ್ದರು. ನಾವು ಮೀಯುವುದು ಬಾವಿಯ ಹತ್ತಿರ, ಮಡಲಿನ ತಟ್ಟಿಯ ಮರೆಯಲ್ಲಿ. ಸಮುದ್ರದ ಗಾಳಿಗೆ ಆ ತೆಂಗಿನ ಗರಿಯ ತಟ್ಟಿ ನಿಲ್ಲುತ್ತಿರಲಿಲ್ಲ. ಎದುರಿಗೇ ರೈಲಿನ ಹಳಿ. ಗಾಡಿ ಹೋದ ಮೇಲೆ, ಇನ್ನೊಂದು ಗಾಡಿ ಬರುವ ಮುಂಚೆ, ಸೀರೆ ಸುತ್ತಿಕೊಂಡೇ ಮಿಂದು ಮುಗಿಸಬೇಕು. ಸಿಮೆಂಟಿನ ಬಚ್ಚಲಿನೊಳಗೆ ನಾವು ಹೋಗುತ್ತಿದ್ದದ್ದು ತೊಳೆಯಲಿಕ್ಕೆ.

ತೊಳೆಯುವುದೆಂದರೆ ಸುಲಭವಲ್ಲ. ನಮ್ಮ ಮುಳ್ಳೇರಿಯದ ಕಡೆ ನೀರು ಸಿಹಿ, ಸಾಬೂನಿನ ಜಿಡ್ಡು ಎಂಬುದನ್ನೇ ನಾನು ಕಂಡಿರಲಿಲ್ಲ. ಇಲ್ಲಿ ಬಾವಿಯ ನೀರೂ ಉಪ್ಪು. ಮಾವ ಮಿಂದು ಹೋದರೆ ನೆಲದ ಮೇಲೆ ಬಿಳಿ ಪೊರೆ. ಬೂದಿ ಹಾಕಿ ತಿಕ್ಕಿದರೂ ಅದು ಬಿಡುವುದಿಲ್ಲ, ಬೆರಳಿಗೆ ಮೇಣದ ಹಾಗೆ ಅಂಟುತ್ತದೆ. ಸಣ್ಣತ್ತೆ ಅದಕ್ಕೊಂದು ದಾರಿ ಕಂಡುಕೊಂಡಿದ್ದರು. ಮೊದಲು ನೆಲಕ್ಕೆ ಬಿಸಿನೀರು ಹೊಯ್ಯಬೇಕು. ಜಜ್ಜಿದ ಬಿಂಬುಳಿಯನ್ನು ರಸದ ಸಮೇತ ಬಳಿದು, ಒಂದು ವೀಳ್ಯ ಹಾಕಿ ಜಗಿದು ಮುಗಿಸುವಷ್ಟು ಹೊತ್ತು ಬಿಡಬೇಕು. ಆಗ ಜಿಡ್ಡು ಉಬ್ಬಿ ಮೆತ್ತಗಾಗುತ್ತದೆ. ತೆಂಗಿನ ನಾರಿನಿಂದ ಸುತ್ತು ಸುತ್ತಾಗಿ ತಿಕ್ಕಿ ನೀರು ಬಿಟ್ಟು, ಹುಳಿ ಪೂರ್ತಿ ಹೋದ ಮೇಲೆ ಬಟ್ಟೆ ಒಗೆಯುವ ಸೋಡ ಹಾಕಿ ಇನ್ನೊಮ್ಮೆ ತೊಳೆಯಬೇಕು. "ಹುಳಿಯೊಟ್ಟಿಗೇ ಅದನ್ನೂ ಹಾಕಿದರೆ ಅವೆರಡೇ ಜಗಳ ಮಾಡಿ ಮುಗಿಸ್ತವೆ, ಜಿಡ್ಡು ನೋಡಿ ನಗ್ತಾ ಕೂರ್ತದೆ" ಎನ್ನುತ್ತಿದ್ದರು.

ಮಾವನಿಗೆ ಇದರಲ್ಲೂ ತಕರಾರು. ಒಮ್ಮೆ ಬಾಗಿಲಲ್ಲಿ ನಿಂತು, "ನಿನ್ನ ಬಿಂಬುಳಿ ನನ್ನ ಸಿಮೆಂಟನ್ನು ತಿನ್ತದೆ" ಎಂದರು.

"ನಿಮ್ಮ ಸಿಮೆಂಟು ನಮ್ಮ ಮೊಣಕಾಲನ್ನು ತಿನ್ತದೆ. ಅದರ ಲೆಕ್ಕ ಉಂಟಾ ಅಣ್ಣ?" ಎಂದರು ಸಣ್ಣತ್ತೆ, ತಲೆ ಎತ್ತದೆ.

ಮದುವೆಯಾದ ವರ್ಷವೇ ನಾನು ಬಸುರಿಯಾದೆ. ನನ್ನ ತಾಯಿ ನಾನು ಸಣ್ಣವಳಿರುವಾಗಲೇ ತೀರಿಕೊಂಡಿದ್ದರು, ಚೊಚ್ಚಲ ಹೆರಿಗೆಗೆ ಹೋಗಲು ನನಗೆ ತವರಿನಲ್ಲಿ ಯಾರೂ ಇರಲಿಲ್ಲ. ಬಾಣಂತನ ಉಪ್ಪಳದಲ್ಲೇ ಎಂದು ತೀರ್ಮಾನವಾಗಿತ್ತು. ಹೊಟ್ಟೆ ದೊಡ್ಡದಾದ ಮೇಲೆ ಬೇಗ ಬೇಗ ಮಿಂದು ಏಳಲು ಆಗುತ್ತಿರಲಿಲ್ಲ. ಒಂದು ಬೆಳಿಗ್ಗೆ ಗಾಳಿಗೆ ತಟ್ಟಿ ಬಿದ್ದೇ ಹೋಯಿತು. ಅದೇ ಹೊತ್ತಿಗೆ ಬಂದ ಗಾಡಿ, ಯಾವತ್ತೂ ನಿಲ್ಲದ್ದು, ಅವತ್ತು ನಮ್ಮ ಬಾವಿಯ ಎದುರಿಗೇ ನಿಂತುಬಿಟ್ಟಿತು. ಒದ್ದೆ ಸೀರೆಯಲ್ಲಿ ನಾನು, ಕಿಟಕಿ ತುಂಬ ಮುಖಗಳು. ಯಾರೋ ಸಿಳ್ಳೆ ಹಾಕಿದರು. ಕೂರಲೂ ಆಗಲಿಲ್ಲ, ಓಡಲೂ ಆಗಲಿಲ್ಲ...

ಸಣ್ಣತ್ತೆ ಅಂಗಳದಿಂದ ಓಡಿ ಬಂದರು. ನನಗೂ ಗಾಡಿಗೂ ನಡುವೆ ನಿಂತು, ಸೆರಗನ್ನು ಎರಡೂ ಕೈಗಳಲ್ಲಿ ರೆಕ್ಕೆಯ ಹಾಗೆ ಅಗಲ ಹಿಡಿದರು. ಗಾಡಿ ಹೊರಡುವವರೆಗೆ ಹಾಗೆಯೇ ನಿಂತರು. ಅವರ ಬೆನ್ನು ನನಗೆ, ಮುಖ ಗಾಡಿಗೆ. ಆ ಮುಖ ಹೇಗಿತ್ತೋ ನಾನು ನೋಡಲಿಲ್ಲ. ಆದರೆ ಸಿಳ್ಳೆ ನಿಂತಿತು.

ಅವತ್ತು ಮಧ್ಯಾಹ್ನವೇ ಅವರು ಮಾವನ ಎದುರು ಹೋಗಿ, ಹುಡುಗಿಗೆ ಹೆರಿಗೆಯಾಗುವ ಮುಂಚೆ ಸಿಮೆಂಟಿನ ಬಚ್ಚಲನ್ನು ಬಿಟ್ಟುಕೊಡಬೇಕು, ಬಾಣಂತಿಯನ್ನೂ ಕೂಸನ್ನೂ ಗಾಳಿಯಲ್ಲಿ ಹಳಿಯ ಎದುರು ಮೀಯಿಸುವುದಿಲ್ಲ ಎಂದರು. ಹೊಸ ತಟ್ಟಿ ಕಟ್ಟಿಸುತ್ತೇನೆ ಎಂದರು ಮಾವ. ಬಚ್ಚಲಿನ ಮಾತು ಎತ್ತಬೇಡ ಎಂದರು. ಅತ್ತೆ ಒಳಗೆ ಅಕ್ಕಿ ಆರಿಸುತ್ತಲೇ ಇದ್ದರು.

ಇದಾದ ಕೆಲವು ದಿನಗಳಲ್ಲಿ ನನ್ನ ಕೈಯಿಂದ ಒಂದು ಎಡವಟ್ಟಾಯಿತು. ಈಗ ನೆನೆದರೂ ನಗು ತಡೆಯುವುದಿಲ್ಲ. ನೀಲೇಶ್ವರದ ಕಡೆ ಬಟ್ಟೆ ಒಗೆಯುವ ಸೋಡಕ್ಕೆ ಮಲಯಾಳದಲ್ಲಿ 'ಅಲಕ್ಕುಕಾರ' ಎನ್ನುತ್ತಾರೆ. ಅಲ್ಲಿ ಕೆಲವು ವರ್ಷ ಸಂಸಾರ ಮಾಡಿದ್ದ ಸಣ್ಣತ್ತೆಯ ಬಾಯಲ್ಲಿ ಅದು ಬರೀ 'ಕಾರ'. ಸೋಡ ಹಾಕುವ ಕೆಲಸವನ್ನು ಯಾವಾಗಲೂ ಅವರೇ ಮಾಡುತ್ತಿದ್ದುದರಿಂದ ನನ್ನ ಕಿವಿಗೆ ಆ ಮಾತು ಬಿದ್ದಿರಲಿಲ್ಲ. ಅವತ್ತು ಅವರು ಬಿಂಬುಳಿಯ ಕೆಲಸ ಮುಗಿಸಿ, ಆಚೆ ಮನೆಯಲ್ಲಿ ಯಾರಿಗೋ ಜ್ವರ ಎಂದು ನೋಡಲು ಹೊರಟರು. ಅಂಗಳದಿಂದಲೇ, "ಮಗಾ, ನೆಲಕ್ಕೆ ಕಾರ ಉದುರಿಸಿ ಬಿಸಿನೀರು ಚಿಮುಕಿಸಿ ಇಡು, ನಾನು ಬಂದು ತಿಕ್ಕುತ್ತೇನೆ" ಎಂದರು.

ನಮ್ಮ ಮನೆಯಲ್ಲಿ ಕಾರ ಎಂದರೆ ಮೆಣಸು. ನನಗೆ ಸಂಶಯವೇ ಬರಲಿಲ್ಲ. ಉಪ್ಪು ನೀರಿನಲ್ಲೇ ಉಂಟು, ಹುಳಿ ಹಾಕಿ ಆಯಿತು, ಇನ್ನು ಖಾರ ಒಂದೇ ಬಾಕಿ ಇರುವುದು ಎಂದುಕೊಂಡೆ. ಒಣಮೆಣಸು ಕುಟ್ಟಿ ಒಳ್ಳೆ ನುಣ್ಣಗೆ ಪುಡಿ ಮಾಡಿ, ಮೂಲೆ ಮೂಲೆಗೆ ಉದುರಿಸಿ ಬಿಸಿನೀರು ಚಿಮುಕಿಸಿದೆ. ಕೆಮ್ಮು ಬಂತು. ಜಿಡ್ಡು ಹೋಗುವ ಲಕ್ಷಣ ಎಂದು ಬಾಗಿಲು ಮುಚ್ಚಿ ಅಡಿಗೆ ಮನೆಗೆ ಹೋದೆ.

ಮಾವ ಅವತ್ತು ಅಂಗಡಿಯಿಂದ ಬೇಗ ಬಂದರು. ಒಳಗೆ ಮಬ್ಬು ಬೆಳಕು. ಮೈ ಒರೆಸುವ ಬೈರಾಸು ಸುತ್ತಿಕೊಂಡು ಹೋದವರು, ಮಣೆಯ ಮೇಲೆ ಕೂರಲಿಲ್ಲ, ನೆಲದ ಮೇಲೇ ಕೂತರು. ಸಿಮೆಂಟಿನ ತಂಪು ಅವರಿಗೆ ಇಷ್ಟ...

ಮುಂದಿನದ್ದನ್ನು ಬರೆಯಲು ನಾಚಿಕೆ. ಬೈರಾಸನ್ನು ಒಂದು ಕೈಯಲ್ಲಿ ಹಿಡಿದುಕೊಂಡು ಅವರು ಅಂಗಳದಲ್ಲಿ ಕುಣಿದದ್ದನ್ನು ಪೇಟೆಯವರು ಯಾರೂ ನೋಡಲಿಲ್ಲ, ಅಷ್ಟೇ ಸಮಾಧಾನ. ನಾನು ಓಡಿ ಬಂದು, ನಾನೇ ಮೆಣಸು ಹಾಕಿದ್ದು ಮಾವ, ಸಣ್ಣತ್ತೆ ಕಾರ ಎಂದದ್ದಕ್ಕೆ ಎಂದೆ. ಅಷ್ಟರಲ್ಲಿ ಸಣ್ಣತ್ತೆ ಬಂದರು. ವಿಷಯ ತಿಳಿದು ಜಗಲಿಯ ಕಂಬ ಹಿಡಿದುಕೊಂಡು ನಕ್ಕರು. ನಿಲ್ಲಲಾಗದೆ ಕೂತು ನಕ್ಕರು. ಆ ನಗುವಿಗೇ ಮಾವನಿಗೆ ಸಿಟ್ಟು ನೆತ್ತಿಗೇರಿತು.

"ನಾಳೆಯಿಂದ ನೀವು ಇಬ್ಬರೂ ಈ ಬಚ್ಚಲಿನ ಹೊಸ್ತಿಲು ದಾಟಬಾರದು" ಎಂದರು.

ಸಣ್ಣತ್ತೆ ನಗು ನಿಲ್ಲಿಸಿ ಕಣ್ಣೊರೆಸಿಕೊಂಡರು. "ಆಯ್ತು ಅಣ್ಣ. ದಾಟುವುದಿಲ್ಲ."

ತಾವು ಹೇಳಿದ್ದು ಏನೆಂದು ಮಾವನಿಗೇ ಹೊಳೆಯಲಿಲ್ಲ. ಸಣ್ಣತ್ತೆಗೆ ಹೊಳೆದಿತ್ತು. ಮರುದಿನ ಮಾವ ಮಿಂದು ಹೋದರು, ಸಣ್ಣತ್ತೆ ಜಗಲಿಯಲ್ಲಿ ಕೂತು ವೀಳ್ಯ ಜಗಿದರು. ಅದರ ಮರುದಿನವೂ ಹಾಗೆಯೇ. ಅತ್ತೆಯೂ ಆ ಕಡೆ ತಲೆ ಹಾಕಲಿಲ್ಲ. ನಾನು ಅಭ್ಯಾಸಬಲದಿಂದ ತೆಂಗಿನ ನಾರು ಹಿಡಿದುಕೊಂಡು ಎದ್ದರೆ ಸೀರೆ ಹಿಡಿದು ಎಳೆದು ಕೂರಿಸಿದರು. "ಹಿರಿಯರು ಹೇಳಿದ್ದನ್ನು ಮೀರುವುದಾ? ಕೂತುಕೋ" ಎಂದರು. ಬಚ್ಚಲಿನಲ್ಲಿ ಬಿಳಿ ಪೊರೆ ಮೊದಲು ಕೆನೆಯಷ್ಟಾಯಿತು, ಆಮೇಲೆ ದೋಸೆಯಷ್ಟಾಯಿತು. ಮಾವ ಗೋಡೆ ಹಿಡಿದುಕೊಂಡು ಮೀಯತೊಡಗಿದರು. ಒಂದು ದಿನ ಜಾರಿ ಬಿದ್ದ ಶಬ್ದ ಕೇಳಿತು. ನಾವು ಯಾರೂ ಏಳಲಿಲ್ಲ. ಅತ್ತೆ ಮಾತ್ರ ಕುಳಿತಲ್ಲಿಂದಲೇ, ಏನಾಯಿತು ಎಂದು ಕೇಳಿದರು. ಏನಿಲ್ಲ ಎಂದರು ಮಾವ.

ತೆಂಗಿನ ಕಾಯಿ ಕೀಳುವವನನ್ನು ಕರೆದರೆ ಅವನು, ಮನೆಯೊಳಗಿನ ಬಚ್ಚಲು ನಾನು ಮುಟ್ಟುವುದಿಲ್ಲ ಧಣಿ, ಮರ ಬೇಕಾದರೆ ಇನ್ನೆರಡು ಹತ್ತುತ್ತೇನೆ ಎಂದ. ಕೊನೆಗೆ ಮಾವ ತಾವೇ ತೊಳೆಯಲು ಇಳಿದರು. ಯಾವುದರಿಂದ? ಸಾಬೂನಿನಿಂದ. ಬೊಂಬಾಯಿ ಸಾಬೂನನ್ನು ಇಡೀ ನೆಲಕ್ಕೆ ಉಜ್ಜಿದರು. ಸಾಬೂನಿನ ಜಿಡ್ಡಿಗೆ ಇನ್ನಷ್ಟು ಸಾಬೂನು... ಸಣ್ಣತ್ತೆ ನನ್ನ ಕಿವಿಯಲ್ಲಿ, "ನೋಡು, ಬೆಂಕಿ ನಂದಿಸಲಿಕ್ಕೆ ಎಣ್ಣೆ ತಂದಿದ್ದಾರೆ" ಎಂದರು. ಆದರೆ ನನ್ನ ಹೊಟ್ಟೆ ನೋಡಿದಾಗ ಅವರ ನಗು ಅಲ್ಲಿಗೇ ನಿಲ್ಲುತ್ತಿತ್ತು. ದಿನ ಹತ್ತಿರ ಬರುತ್ತಿತ್ತು, ಮಾವ ಸೋತಿರಲಿಲ್ಲ.

ಆಗ ಮಂಗಳೂರಿನಿಂದ ದೊಡ್ಡ ಕೊಬ್ಬರಿ ವ್ಯಾಪಾರಿಯೊಬ್ಬರು ಬರುತ್ತಾರೆ, ಒಂದು ರಾತ್ರಿ ಇರುತ್ತಾರೆ ಎಂದು ಸುದ್ದಿ ಬಂತು. ಸಿಮೆಂಟಿನ ಬಚ್ಚಲಿನ ಬಗ್ಗೆ ಮಾವ ಅವರ ಹತ್ತಿರ ಎಷ್ಟು ಹೇಳಿಕೊಂಡಿದ್ದರೋ ದೇವರಿಗೇ ಗೊತ್ತು. ಅವರು ಬರುವ ದಿನ ಬೆಳಿಗ್ಗೆ ಮಾವ ಬಚ್ಚಲಿನ ಬಾಗಿಲಲ್ಲಿ ನಿಂತು ತಂಗಿಯನ್ನು ಕರೆದರು.

"ಒಮ್ಮೆ ಬಾ. ಇದೊಂದು ತೊಳೆದು ಕೊಡು."

"ಹೊಸ್ತಿಲು ದಾಟಬಾರದು ಅಂತ ನೀವೇ ಹೇಳಿದ್ದಲ್ಲವಾ?"

"ಈಗ ನಾನೇ ಹೇಳ್ತೇನೆ, ದಾಟು."

"ನಿಮ್ಮ ಬಾಯಿ ದಿನಕ್ಕೊಂದು ಹೇಳ್ತದೆ ಅಣ್ಣ. ನನ್ನ ಕಾಲಿಗೆ ಹಾಗೆ ಆಗುವುದಿಲ್ಲ." ಸಣ್ಣತ್ತೆ ಜಗಲಿಯಿಂದ ಇಳಿದು ಬಂದು ಹೊಸ್ತಿಲಿನ ಈಚೆ ನಿಂತರು. "ದಾಟಿದರೆ ನಾವು ಹೆಂಗಸರೆಲ್ಲ ದಾಟುವುದು. ತೊಳೆಯಲಿಕ್ಕೆ ಮಾತ್ರ ಅಲ್ಲ, ಮೀಯಲಿಕ್ಕೆ. ಮತ್ತೆ ಈ ಬಾಗಿಲಿಗೆ ಒಳಗಿನಿಂದ ಚಿಲಕ ಬೇಕು."

ಆ ಬಾಗಿಲಿಗೆ ಹೊರಗಿನ ಕೊಂಡಿ ಮಾತ್ರ ಇತ್ತು. ಗಂಡಸರು ಮೀಯುವಲ್ಲಿ ಒಳಚಿಲಕ ಬೇಕೆಂದು ಯಾರಿಗೂ ತೋಚಿರಲಿಲ್ಲ.

"ಚಿಲಕವಾ? ಸ್ವಂತ ಮನೆಯಲ್ಲಿ ಹೆಂಗಸರಿಗೆ ಚಿಲಕ ಯಾಕೆ? ಇಲ್ಲಿ ಎಂತ ಕಳ್ಳರು ಇದ್ದಾರಾ?"

"ನನಗೂ ಬೇಕು" ಎಂದು ಒಂದು ಸ್ವರ ಕೇಳಿತು. ನಾನು ತಿರುಗಿ ನೋಡಿದೆ. ಅಡಿಗೆ ಮನೆಯ ಬಾಗಿಲಲ್ಲಿ ಅತ್ತೆ ನಿಂತಿದ್ದರು. "ಮದುವೆಯಾಗಿ ಬಂದಂದಿನಿಂದ ನಾನು ಸೀರೆ ಸುತ್ತಿಕೊಂಡೇ ಮಿಂದದ್ದು. ನನ್ನ ಮೈ ಪೂರ್ತಿ ನೀರು ಕಂಡದ್ದು ಯಾವಾಗ ಅಂತ ನನಗೇ ನೆನಪಿಲ್ಲ. ನನಗೂ ಬೇಕು ಚಿಲಕ."

ಮಾವ ಅತ್ತೆಯ ಮುಖವನ್ನೇ ನೋಡಿದರು. ಅಷ್ಟು ಉದ್ದದ ಮಾತನ್ನು ಅವರ ಬಾಯಿಂದ ಮಾವ ಅದಕ್ಕಿಂತ ಮುಂಚೆ ಕೇಳಿದ್ದರೋ ಇಲ್ಲವೋ. ಅಲ್ಲೇ ಮೆಟ್ಟಿಲ ಮೇಲೆ ಕೂತರು. ಆಚಾರಿಗೆ ಹೇಳಿ ಕಳಿಸಿ ಎಂದರು.

ಆಚಾರಿ ಬಂದು ಚಿಲಕ ಹೊಡೆದು ಮುಗಿಸುವವರೆಗೆ ಸಣ್ಣತ್ತೆ ಒಂದು ಹೆಜ್ಜೆ ಒಳಗಿಡಲಿಲ್ಲ. ಮಂಗಳೂರಿನ ವ್ಯಾಪಾರಿ ಬರುವ ಗಾಡಿಯ ಹೊತ್ತು ಹತ್ತಿರವಾಗುತ್ತಿತ್ತು. ಮಾವ ಪಂಚೆ ಎತ್ತಿ ಕಟ್ಟಿ ತಾವೇ ಬಿಂಬುಳಿ ಬಳಿದರು. ಸಣ್ಣತ್ತೆ ಹೊಸ್ತಿಲಿನ ಹೊರಗೆ ನಿಂತು, "ಈಗ ತಿಕ್ಕಬೇಡಿ, ಕಾಯಿರಿ. ವೀಳ್ಯ ಬೇಕಾ? ಮೂಲೆ ಬಿಟ್ಟಿರಿ ಅಣ್ಣ, ಮೂಲೆಯಲ್ಲೇ ಇರುವುದು ಅದು" ಎಂದು ಹೇಳುತ್ತಿದ್ದರು. ಕೊನೆಗೆ, "ಇನ್ನು ಕಾರ ಹಾಕಿ" ಎಂದರು. ಮಾವ ಗಾಬರಿಯಿಂದ ತಿರುಗಿ ನೋಡಿದರು. ಆಮೇಲೆ, ಯಾಕೋ, ಅವರಿಗೂ ನಗು ಬಂತು.

ಮಂಗಳೂರಿನ ನೆಂಟರು ಮಿಂದರು, ಹೊಗಳಿದರು, ಹೋದರು. ಮರುದಿನ ಮೊದಲು ಒಳಗೆ ಹೋದವರು ಅತ್ತೆ. ಚಿಲಕ ಬಿದ್ದ ಸದ್ದು ಕೇಳಿತು, ಆಮೇಲೆ ಬಹಳ ಹೊತ್ತು ನೀರಿನ ಸದ್ದು. ಕರೆದರೂ ಓಗೊಡಲಿಲ್ಲ. ಹೊರಗೆ ಬಂದಾಗ ಕೂದಲು ಬಿಚ್ಚಿತ್ತು, ಮೈಯೆಲ್ಲ ಸಾಬೂನಿನ ವಾಸನೆ. ನಮ್ಮಿಬ್ಬರನ್ನು ನೋಡಿ ಹುಡುಗಿಯ ಹಾಗೆ ನಾಚಿಕೊಂಡರು.

ನನಗೆ ಹೆಣ್ಣು ಮಗುವಾಯಿತು. ಬಾಗಿಲು ಮುಚ್ಚಿ, ಹಂಡೆಯ ಹಬೆಯಲ್ಲಿ, ಸಣ್ಣತ್ತೆ ನನ್ನ ಬೆನ್ನಿಗೆ ಬಿಸಿನೀರು ಹೊಯ್ದದ್ದು ಈಗಲೂ ಬೆನ್ನಿಗೆ ಗೊತ್ತುಂಟು. ಗಾಡಿ ಹೋಗುವಾಗ ನಾನು ಬೆಚ್ಚಿದರೆ, "ಹೋಗಲಿ ಬಿಡು. ಅದು ಅದರ ಹಳಿಯಲ್ಲಿ ಹೋಗ್ತದೆ, ನೀನು ಮೀಯಿ" ಎನ್ನುತ್ತಿದ್ದರು.

ಆಮೇಲೆ ನಮ್ಮ ಮನೆಯವರು ನನ್ನನ್ನೂ ಮಕ್ಕಳನ್ನೂ ಬೊಂಬಾಯಿಗೆ ಕರೆದುಕೊಂಡು ಹೋದರು. ಸಣ್ಣತ್ತೆ ತೀರಿಕೊಂಡಾಗ ನಾನು ಅಲ್ಲಿದ್ದೆ. ಜ್ವರವಂತೆ, ಹೆಚ್ಚು ದಿನ ಮಲಗಲಿಲ್ಲವಂತೆ. ಸುದ್ದಿ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಮುಂದಿನ ಸಲ ಊರಿಗೆ ಬಂದಾಗ ಅತ್ತೆ ಹೇಳಿದರು. ಹೆಣವನ್ನು ಅಂಗಳದಲ್ಲಿ ಮೀಯಿಸುವುದು ಕ್ರಮ. ಮಡಲಿನ ತಟ್ಟಿ ಕಟ್ಟಿ ಅಣಿ ಮಾಡಿಯೂ ಆಗಿತ್ತಂತೆ. ಮಾವ ಬಿಡಲಿಲ್ಲವಂತೆ. ಬಚ್ಚಲಿನೊಳಗೆ ಹೆಣ ತರುವುದುಂಟಾ, ಕ್ರಮ ಕೆಡುತ್ತದೆ ಎಂದು ಹಿರಿಯರು ಜೋರು ಮಾಡಿದರಂತೆ. "ಅವಳು ಹೊರಗೆ ಮೀಯುವವಳಲ್ಲ" ಎಂದರಂತೆ ಮಾವ. ಒಳಗೆ ಕೊಂಡುಹೋಗಿ ಹೆಂಗಸರ ಕೈಗೆ ಒಪ್ಪಿಸಿ, ಚಿಲಕ ಹಾಕಿಸಿ, ಮುಗಿಯುವವರೆಗೆ ಬಾಗಿಲಿಗೆ ಬೆನ್ನು ಮಾಡಿ ತಾವೇ ನಿಂತಿದ್ದರಂತೆ...

ಆಮೇಲೆ ನಾವು ಬೊಂಬಾಯಿ ಬಿಟ್ಟು ಉಪ್ಪಳಕ್ಕೇ ಮರಳಿ ಈ ಮನೆ ಕಟ್ಟಿಕೊಂಡೆವು, ಆ ಮನೆ ಈಗಿಲ್ಲ. ಅಲ್ಲಿ ಅಂಗಡಿಗಳ ಸಾಲು ಬಂದಿದೆ. ಸಣ್ಣತ್ತೆಯ ಒಂದು ಫೋಟೋ ಕೂಡ ನಮ್ಮಲ್ಲಿಲ್ಲ, ಯಾರೂ ತೆಗೆಸಲಿಲ್ಲ.

ಇವತ್ತು ಬೆಳಿಗ್ಗೆ ಕೂಸಿನ ಸ್ನಾನವಾಯಿತು. ಕಾಲು ಚಾಚಿ ಕೂತು, ಅದನ್ನು ಕಾಲ ಮೇಲೆ ಮಲಗಿಸಿಕೊಂಡು, ಎಣ್ಣೆ ತಿಕ್ಕಿ, ಉಗುರುಬೆಚ್ಚಗಿನ ನೀರು ಬಿಟ್ಟೆ. ಮೊದಲು ಊರಿಗೇ ಕೇಳುವ ಹಾಗೆ ಅತ್ತಿತು. ಅಳಲಿ, ಒಳ್ಳೆ ಸ್ವರ ಉಂಟು. ಆಮೇಲೆ ನೀರಿನ ಸುಖ ತಿಳಿದು ಸುಮ್ಮನಾಗಿ ನನ್ನನ್ನೇ ನೋಡಿತು. ಮೊಮ್ಮಗಳು ಚೊಂಬು ಹಿಡಿದು ನಗುತ್ತಿದ್ದಳು. ಮಗ ಹೊರಗಿನಿಂದ, "ಎಷ್ಟು ಹೊತ್ತು ಅಮ್ಮ? ಜಾರಿ ಬಿದ್ದರೆ? ಬಾಗಿಲಾದರೂ ತೆಗೆದಿಡಿ" ಎಂದು ಬಡಿಯುತ್ತಿದ್ದ.

ನಾವು ತೆಗೆಯಲಿಲ್ಲ. ಒಳಗೆ ಮೂವರು ಹೆಂಗಸರಿದ್ದೆವು. ಇನ್ನೊಬ್ಬರಿಗೆ ಜಾಗ ಇತ್ತು. ಅವರು ಇರಲಿಲ್ಲ.